ಪುರಾತನರೆಂದರೆ ಯಾರು?

ಮಠಕ್ಕೆ ಬರುವ ಹಿರಿಯರು ಮಾತಿನ ನಡುವೆ “ನಮ್ಮದು ಪುರಾತನರ ಮನೆತನ” ಎಂದು ಹೆಮ್ಮೆಯಿಂದ ಹೇಳುವುದುಂಟು. ಹೆಣ್ಣು ಕೊಡುವಾಗ, ತರುವಾಗ ಈ ಮಾತಿಗೆ ಇನ್ನಷ್ಟು ತೂಕ. ಹೆಮ್ಮೆ ಇರಲಿ. ಆದರೆ ಆ ಶಬ್ದ ಏನು ಹೇಳುತ್ತದೆಂಬುದನ್ನು ನಾವೆಲ್ಲರೂ ಒಮ್ಮೆ ತಿಳಿಯಬೇಕು.

ಅಜ್ಜ, ಮುತ್ತಜ್ಜ ಮೊದಲಾದವರನ್ನು ಪೂರ್ವಜರು ಎನ್ನುತ್ತೇವೆ. ‘ಪೂರ್ವ’ ಎಂದರೆ ಮೊದಲು, ‘ಜ’ ಎಂದರೆ ಹುಟ್ಟಿದವನು. ಅಲ್ಲಿ ಹುಟ್ಟಿನ ಸಂಬಂಧ ಶಬ್ದದೊಳಗೇ ಇದೆ. ಪುರಾತನ ಎಂಬಲ್ಲಿ ಹುಟ್ಟಿನ ಮಾತೇ ಇಲ್ಲ. ‘ಪುರಾ’ ಎಂದರೆ ಹಿಂದೆ. ಅದಕ್ಕೆ ‘ತನ’ ಪ್ರತ್ಯಯ ಸೇರಿ ‘ಹಿಂದಿನ ಕಾಲದವನು’ ಎಂದಾಯಿತು. ಇದು ಬಡತನ, ದೊಡ್ಡತನಗಳಲ್ಲಿರುವ ಕನ್ನಡದ ತನವಲ್ಲ. ಸನಾತನ, ನೂತನ ಎಂಬಲ್ಲಿರುವ ಸಂಸ್ಕೃತದ ತನ. ಪುರಾಣ ಶಬ್ದವೂ ಇದೇ ‘ಪುರಾ’ದಿಂದ ಬಂದಿದೆ. ನಿರುಕ್ತವನ್ನು ರಚಿಸಿದ ಯಾಸ್ಕರು ಅದನ್ನು ‘ಹಿಂದೆ ಹೊಸದಾಗಿದ್ದುದು’ ಎಂದು ಬಿಡಿಸಿ ಹೇಳಿದ್ದಾರೆ.

ನಮ್ಮ ಪರಂಪರೆಯಲ್ಲಿ ಪುರಾತನರೆಂದರೆ ವಿಶೇಷವಾಗಿ 63 ಮಂದಿ ಶಿವಭಕ್ತರು. ತಮಿಳುನಾಡಿನಲ್ಲಿ ಇವರನ್ನು ನಾಯನ್ಮಾರರೆಂದು ಕರೆಯುತ್ತಾರೆ. 12ನೆಯ ಶತಮಾನದ ಶೇಕ್ಕಿಳಾರರ ಪೆರಿಯಪುರಾಣ ಇವರ ಚರಿತ್ರೆಯನ್ನು ಹೇಳುತ್ತದೆ. ಕನ್ನಡದಲ್ಲಿ ಹರಿಹರ ಕವಿಯು ಪುರಾತನರನ್ನೂ, ಅವರಿಗಿಂತ ಈಚಿನ ಬಸವಾದಿ ಶರಣರನ್ನೂ ಒಂದೇ ಭಕ್ತಿಯಿಂದ ರಗಳೆಗಳಲ್ಲಿ ಕೊಂಡಾಡಿದ್ದಾನೆ. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಗೆ ಹೋದವರು ಪುರಾತನರ ಶಿಲಾಮೂರ್ತಿಗಳಿಗೆ ಕೈಮುಗಿದೇ ಬಂದಿರುತ್ತಾರೆ.

ಆ ಸಾಲಿನಲ್ಲಿ ಇರುವವರು ಯಾರು? ಕಣ್ಣಪ್ಪ ಬೇಡ, ತಿರುನೀಲಕಂಠ ಕುಂಬಾರ, ಅತಿಪತ್ತ ಮೀನುಗಾರ, ತಿರುಕ್ಕುರಿಪ್ಪು ತೊಂಡ ಅಗಸ. ಕಾರಿಕಾಲಮ್ಮೆ ವರ್ತಕರ ಮನೆಯ ಹೆಣ್ಣುಮಗಳು. ಚೇರಮಾನ್ ಪೆರುಮಾಳ್ ಅರಸ. ಇವರ ಕುಲ ಬೇರೆ, ಕಸುಬು ಬೇರೆ, ಊರು ಬೇರೆ. ಇವರೆಲ್ಲರನ್ನೂ ಒಂದೇ ಸಾಲಿಗೆ ತಂದದ್ದು ಭಕ್ತಿ.

ಬಸವಣ್ಣನವರು ಹುಟ್ಟಿದ್ದು ಬ್ರಾಹ್ಮಣರ ಮನೆಯಲ್ಲಿ. ಅವರೇ ತಮ್ಮ ವಚನದಲ್ಲಿ ಮಾದಾರ ಚೆನ್ನಯ್ಯನನ್ನು, ಡೋಹರ ಕಕ್ಕಯ್ಯನನ್ನು ತಂದೆಯ ಸ್ಥಾನದಲ್ಲಿಟ್ಟು ಗೌರವಿಸಿದರು. ಲಿಂಗದೀಕ್ಷೆ ಪಡೆದವನನ್ನು ನಮ್ಮ ಧರ್ಮವು ‘ಗುರುಕರಜಾತ’ ಎನ್ನುತ್ತದೆ. ಅವನು ಗುರುವಿನ ಹಸ್ತದಿಂದ ಮತ್ತೆ ಹುಟ್ಟಿದವನು. ಹಾಗೆ ಹುಟ್ಟಿದವನಿಗೆ ಪುರಾತನರೆಲ್ಲರೂ ಹಿರಿಯರೇ.

ಹೀಗಿರುವಾಗ ಪುರಾತನರ ಮನೆತನದವರೆಂದು ಹೇಳಿಕೊಂಡು, ಗಡಿಗೆ ಮಾರಲು ಬಂದ ಕುಂಬಾರನನ್ನು ಬಾಗಿಲಾಚೆ ನಿಲ್ಲಿಸಿದರೆ ಆ ಮಾತಿಗೆ ಅರ್ಥವೇನು ಉಳಿಯಿತು? ಗುಡಿಯಲ್ಲಿ ತಿರುನೀಲಕಂಠನ ಮೂರ್ತಿಗೆ ಮುಗಿದ ಕೈಗಳೇ ಅಲ್ಲವೇ ಇವು?

ಪೂರ್ವಜರನ್ನು ಮರೆಯಬೇಕೆಂದು ನಾವು ಹೇಳುವುದಿಲ್ಲ. ಅವರು ಹೊಲ ಕೊಟ್ಟರು, ಮನೆ ಕೊಟ್ಟರು, ಹೆಸರು ಕೊಟ್ಟರು. ಆ ಋಣ ದೊಡ್ಡದು. ಆದರೆ ಅವರ ಆಸ್ತಿ ಕೇಳದೆಯೇ ನಮ್ಮ ಪಾಲಿಗೆ ಬಂತು. ಪುರಾತನರ ಆಸ್ತಿ ಹಾಗೆ ಬರುವುದಿಲ್ಲ. ಅವರಂತೆ ನಡೆದವನಿಗೆ ಮಾತ್ರ ಅದು ದಕ್ಕುತ್ತದೆ.

ಆ ಪುರಾತನರೂ ತಮ್ಮ ಕಾಲಕ್ಕೆ ನೂತನರೇ ಆಗಿದ್ದರು. ಇಂದು ನಮ್ಮ ಜಗಲಿಯ ಮೇಲೆ ಆಡುತ್ತಿರುವ ಮಕ್ಕಳಿಗೆ ನಾಳೆ ನಾವೇ ಹಿಂದಿನವರು. ಬರಿಯ ಪೂರ್ವಜರಾಗಿ ಉಳಿಯುವುದೋ, ಪುರಾತನರ ದಾರಿಯಲ್ಲಿ ನಡೆದವರೆನಿಸಿಕೊಳ್ಳುವುದೋ ಎಂಬುದು ನಮ್ಮ ಇಂದಿನ ನಡೆಯನ್ನೇ ಅವಲಂಬಿಸಿದೆ.