ಮಳೆ ಕಳೆಯಿತು, ನಾಯಿಗಿನ್ನೇನು ಚಿಂತೆ ಅನ್ನುವವರಿಗೆ

ಉತ್ತರೆ ಮಳೆ ಹಿಂದೆ ಸರಿದು ಹಸ್ತಾ ಮಳೆ ಆಗೊಮ್ಮೆ ಈಗೊಮ್ಮೆ ಹನಿಯುವ ಹೊತ್ತಿಗೆ ಮೈಸೂರಿನ ಸಂಜೆಗಳಿಗೆ ಒಂದು ಹದ ಬರುತ್ತದೆ. ನೆಲ ಇನ್ನೂ ತೇವವಾಗಿರುತ್ತದೆ, ಬಿಸಿಲಿಗೆ ಉರಿಯಿರುವುದಿಲ್ಲ. ನಾನು, ನಮ್ಮವರು, ಕೆಂಪಿ ಮೂವರೂ ಒಟ್ಟಿಗೆ ವಾಕಿಂಗ್ ಹೊರಡುವುದು ಈ ದಿನಗಳಲ್ಲೇ ಹೆಚ್ಚು. ಕೆಂಪಿ ನಮ್ಮ ಬೀದಿಯಲ್ಲೇ ಹುಟ್ಟಿದ ನಾಟಿ ನಾಯಿ. ದಾರಿಯಲ್ಲಿ ಸಿಕ್ಕವರು ಹೇಳುವುದು ಒಂದೇ ಮಾತು: "ಮಳೆಗಾಲ ಕಳೀತಲ್ಲ, ಇನ್ನು ನಾಯಿ ಸಾಕೋದು ಸಲೀಸು."

ಈ ಮಾತನ್ನು ನಾನು ಒಪ್ಪುವುದಿಲ್ಲ. ನಾಯಿ ಇರುವ ಮನೆ ವರ್ಷದಲ್ಲೇ ಹೆಚ್ಚು ಎಚ್ಚರವಾಗಿರಬೇಕಾದ ಕಾಲ ಇದು. ಬೀದಿನಾಯಿಗಳ ಬೆದೆ, ಉಣ್ಣೆಯ ಕಾಟ, ಹಬ್ಬದೂಟ, ಪಟಾಕಿ ಎಲ್ಲವೂ ಭಾದ್ರಪದದಿಂದ ಕಾರ್ತಿಕದ ನಡುವೆ ಒಂದರ ಹಿಂದೊಂದು ಬರುತ್ತವೆ. ಜೊತೆಗೆ ತವರಿನಿಂದ ಒಂದಿಷ್ಟು, ಅತ್ತೆಮನೆಯಿಂದ ಒಂದಿಷ್ಟು ನಂಬಿಕೆಗಳೂ ಬಂದು ಕೂರುತ್ತವೆ. ನಮ್ಮವರು ಮಂಡ್ಯದ ಕಡೆಯವರು, ನಾನು ಸಾಗರದವಳು. ಎರಡೂ ಕಡೆ ನಾಯಿಗಳಿದ್ದವು. ನಾಯಿಯ ಬಗ್ಗೆ ಖಡಾಖಂಡಿತ ಮಾತುಗಳೂ ಇದ್ದವು.

ಮನೆಗೆ ಬಂದವರು ಮೊದಲು ಕೇಳುವುದು, "ಇದು ಯಾರ ಮಾತು ಕೇಳತ್ತೆ, ನಿಮ್ಮದಾ, ಅವರದಾ?" ನಾಯಿಗೆ ಒಬ್ಬನೇ ಯಜಮಾನ, ಉಳಿದವರನ್ನು ಅದು ತನಗಿಂತ ಕೆಳಗೆ ಎಣಿಸುತ್ತದೆ ಎಂಬ ನಂಬಿಕೆ ಆ ಪ್ರಶ್ನೆಯ ಹಿಂದಿದೆ. ಇದಕ್ಕೆ ವಿಜ್ಞಾನದ ಮುದ್ರೆ ಬಿದ್ದದ್ದು ತೋಳಗಳ ಅಧ್ಯಯನದಿಂದ. ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದದ್ದು ಮೃಗಾಲಯದ ಆವರಣದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ. ಅವುಗಳ ಜಗಳವೇ ಹಿಂಡಿನ ನಿಯಮ ಎಂದಾಯಿತು. ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಆ ವಿಚಾರವನ್ನು ಜಗತ್ತಿಗೆಲ್ಲ ಹಬ್ಬಿಸಿದರು. ಕಾಡಿನಲ್ಲೇ ತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಮೇಲೆ 1999ರಲ್ಲಿ ಅವರೇ ಅದನ್ನು ತಿದ್ದಿದರು: ಕಾಡಿನ ಹಿಂಡು ಅಂದರೆ ಸಾಮಾನ್ಯವಾಗಿ ಒಂದು ಸಂಸಾರ, ಅಪ್ಪ, ಅಮ್ಮ ಮತ್ತು ಮರಿಗಳು. ಅಲ್ಲಿ ಪಟ್ಟಕ್ಕಾಗಿ ದಿನಾ ಕಾದಾಟ ನಡೆಯುವುದಿಲ್ಲ. ತೋಳದ ಮಾತೇ ಹೀಗಿರುವಾಗ, ಸಾವಿರಾರು ವರ್ಷ ಮನುಷ್ಯನ ಜೊತೆ ಬದುಕಿದ ನಾಯಿಗೆ ಆ ಯಜಮಾನಿಕೆಯ ಲೆಕ್ಕ ಹೊಂದುವುದೇ ಇಲ್ಲ. ಕೆಂಪಿ ಮಾತು ಕೇಳದ ದಿನ ಕಾರಣ ಬೇರೆ ಇರುತ್ತದೆ. ಸೋಫಾದಿಂದ ಇಳಿಸಲು ನಾನು "ಇಳಿ" ಅನ್ನುತ್ತೇನೆ, ಅವರು "ಬೇಡ ಕಂದಾ" ಅನ್ನುತ್ತಾರೆ. ತಟ್ಟೆಯ ಹತ್ತಿರ ಬಂದಾಗಲೂ ಅವರದು ಅದೇ "ಬೇಡ ಕಂದಾ". ಒಂದೇ ಮಾತಿಗೆ ಎರಡು ಅರ್ಥವಾದರೆ ನಾಯಿ ಏನು ಮಾಡಬೇಕು? ಯಜಮಾನ ಯಾರು ಎಂದು ತೀರ್ಮಾನಿಸುವುದಕ್ಕಿಂತ ಗಂಡ ಹೆಂಡತಿ ಕೂತು ಯಾವುದಕ್ಕೆ ಯಾವ ಮಾತು ಎಂದು ಒಪ್ಪಿಕೊಳ್ಳುವುದು ಹೆಚ್ಚು ಉಪಯೋಗ.

ಭಾದ್ರಪದ ಬಂತೆಂದರೆ ಬೀದಿನಾಯಿಗಳು ಗುಂಪು ಕಟ್ಟುತ್ತವೆ, ರಾತ್ರಿಯೆಲ್ಲ ಕಚ್ಚಾಡುತ್ತವೆ. "ಈ ತಿಂಗಳು ನಾಯಿಗಳಿಗೆ ಹುಚ್ಚು ಹಿಡಿಯತ್ತೆ" ಅನ್ನುವುದು ಮಂಡ್ಯದಲ್ಲೂ ಉಂಟು, ಮಲೆನಾಡಿನಲ್ಲೂ ಉಂಟು. ಗುಂಪಿಗೆ ಕಾರಣ ಬೆದೆ. ನಮ್ಮ ದೇಶದ ಬೀದಿನಾಯಿಗಳು ಹೆಚ್ಚಾಗಿ ಕೂಡುವುದು ಮಳೆಗಾಲದ ಕೊನೆಯಲ್ಲಿ. ಗರ್ಭದ ಅವಧಿ ಸುಮಾರು 63 ದಿನ. ಅದಕ್ಕೇ ಚಳಿಗಾಲದಲ್ಲಿ ಚರಂಡಿ ಪಕ್ಕ, ಕಟ್ಟಡದ ಮರಳಿನ ಗುಡ್ಡೆಯ ಮೇಲೆ ಮರಿಗಳು ಕಾಣುವುದು. ರೇಬಿಸ್ ಬರುವುದು ವೈರಸ್ಸಿನಿಂದ. ತಿಂಗಳಿಂದ ಬರುವುದಿಲ್ಲ, ಬಿಸಿಲಿನಿಂದಲೂ ಬರುವುದಿಲ್ಲ. ಆದರೆ ಕಚ್ಚಾಟ ಹೆಚ್ಚಾದಾಗ, ಸೋಂಕಿದ ನಾಯಿ ಗುಂಪಿನಲ್ಲಿದ್ದರೆ, ಅದು ದಾಟುವ ದಾರಿಯೂ ಹೆಚ್ಚಾಗುತ್ತದೆ. ಸಾಕಿದ ಗಂಡುನಾಯಿ ಗೇಟು ಹಾರಿ ಓಡುವುದು ಈ ದಿನಗಳಲ್ಲೇ. ಹೆಣ್ಣುನಾಯಿಗೆ ಒಂದು ಸೂಲಾದರೂ ಆಗಲಿ, ಆಮೇಲೆ ಆಪರೇಷನ್ ಮಾಡಿಸಿ ಎಂಬ ಮಾತಿಗೆ ವೈದ್ಯಕೀಯ ಆಧಾರವಿಲ್ಲ. ಮರಿ ಹಾಕುವುದರಿಂದ ಅದರ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ.

ರೇಬಿಸ್ ವಿಷಯದಲ್ಲಿ ಮಾತ್ರ ನಿಧಾನವಾಗಿ ಮಾತಾಡಬೇಕು, ಯಾಕೆಂದರೆ ಇಲ್ಲಿ ತಪ್ಪು ತಿಳಿವಳಿಕೆಗೆ ಜೀವವೇ ಬೆಲೆ. "ನೀರು ಕುಡೀತಿದೆಯಲ್ಲ, ಅದಕ್ಕೆ ಹುಚ್ಚಿಲ್ಲ" ಅನ್ನುತ್ತಾರೆ. ನೀರು ಕಂಡರೆ ಬೆಚ್ಚುವುದು ಮನುಷ್ಯನಿಗೆ ರೋಗ ಬಂದಾಗ ಕಾಣುವ ಲಕ್ಷಣ. ನಾಯಿ ನೀರಿನ ಹತ್ತಿರ ಹೋಗಬಹುದು, ಕುಡಿಯಲು ಯತ್ನಿಸಲೂಬಹುದು. ಎಲ್ಲ ಹುಚ್ಚುನಾಯಿಯೂ ಅಟ್ಟಿಸಿಕೊಂಡು ಬರುತ್ತದೆ ಎಂಬುದೂ ನಿಜವಲ್ಲ. ಮೂಲೆ ಸೇರಿ ಸುಮ್ಮನಾಗುವ ಬಗೆಯೂ ಇದೆ: ಕೆಳದವಡೆ ಜೋತುಬಿದ್ದಿರುತ್ತದೆ, ಜೊಲ್ಲು ಇಳಿಯುತ್ತಿರುತ್ತದೆ, ಬೊಗಳಿದರೆ ದನಿ ಒಡೆದಿರುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿರಬೇಕು ಎಂದು ಕನಿಕರದಿಂದ ಬಾಯಿಗೆ ಕೈಹಾಕುವವರು ಅಪಾಯಕ್ಕೆ ಸಿಕ್ಕುವುದು ಹೀಗೇ.

ಕಚ್ಚಿದ ಜಾಗಕ್ಕೆ ಸುಣ್ಣ, ಮೆಣಸಿನಪುಡಿ, ಅರಿಶಿನ ಮೆತ್ತುವುದು ಇನ್ನೂ ನಿಂತಿಲ್ಲ. ಬೇಕಾದದ್ದು ಸೋಪು ಮತ್ತು ಹರಿಯುವ ನೀರು, ಗಡಿಯಾರ ನೋಡಿಕೊಂಡು ಪೂರ್ತಿ 15 ನಿಮಿಷ. ಆಮೇಲೆ ತಡಮಾಡದೆ ಆಸ್ಪತ್ರೆ. ಅಲ್ಲಿಗೆ ಹೋಗಲು ಜನ ಹಿಂಜರಿಯುವುದು "ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್" ಎಂಬ ಹೆದರಿಕೆಯಿಂದ. ಆ ನೆನಪು ಸುಳ್ಳಲ್ಲ, ಹಳೆಯದು. ಡೇವಿಡ್ ಸೆಂಪಲ್ ಕಸೌಲಿಯಲ್ಲಿ 1911ರಲ್ಲಿ ರೂಪಿಸಿದ ಲಸಿಕೆ ಕುರಿಯ ಮಿದುಳಿನ ಅಂಗಾಂಶದಿಂದ ತಯಾರಾಗುತ್ತಿತ್ತು, ಹೊಟ್ಟೆಗೆ ದಿನಾ ಚುಚ್ಚಬೇಕಿತ್ತು. ಭಾರತದಲ್ಲಿ ಅದರ ತಯಾರಿಕೆ 2004ರ ಕೊನೆಗೆ ನಿಂತುಹೋಯಿತು. ಈಗಿನದು ತೋಳಿಗೆ. ಚರ್ಮದೊಳಕ್ಕೆ ಕೊಡುವುದಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಸ್ನಾಯುವಿಗಾದರೆ ನಡುವೆ 14ನೇ ದಿನವೂ ಸೇರುತ್ತದೆ. ರಕ್ತ ಬಂದಿದ್ದರೆ ಗಾಯದ ಸುತ್ತಲೇ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು, ಅದನ್ನು ಬಾಯಿಬಿಟ್ಟು ಕೇಳಿ. ಮರಿ ಕಚ್ಚಿದ್ದು, ಮನೆ ನಾಯಿ ಕಚ್ಚಿದ್ದು ಎಂದು ಸುಮ್ಮನಿರಬೇಡಿ. ಹತ್ತು ದಿನ ನಾಯಿಯ ಮೇಲೆ ಕಣ್ಣಿಡುವುದು ಸರಿ, ಆದರೆ ಆ ಹತ್ತು ದಿನ ಕಾದು ಆಮೇಲೆ ಲಸಿಕೆ ಶುರುಮಾಡುವುದಲ್ಲ. ಶುರುಮಾಡಿ, ಆಮೇಲೆ ಕಾಯುವುದು. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, 1895ರಲ್ಲಿ ಲೂಯಿ ಪಾಶ್ಚರ್ ತೀರಿಕೊಂಡ ದಿನ. ಆ ಸುಮಾರಿಗೆ ಹಲವೆಡೆ ನಾಯಿಗಳಿಗೆ ಉಚಿತ ಲಸಿಕೆ ಹಾಕುತ್ತಾರೆ. ಕೆಂಪಿಯ ವಾರ್ಷಿಕ ಲಸಿಕೆಗೆ ನಾವು ಅದೇ ದಿನ ಇಟ್ಟುಕೊಂಡಿದ್ದೇವೆ, ಮರೆಯುವುದಿಲ್ಲ.

ಮಹಾಲಯ ಅಮಾವಾಸ್ಯೆಗೆ ಅತ್ತೆಮನೆಯಲ್ಲಿ ಹಿರಿಯರಿಗೆ ಮಾಂಸದ ಎಡೆ. ಊಟ ಮುಗಿಯುತ್ತಲೇ ಎಲೆಯ ಮೂಳೆಗಳೆಲ್ಲ ನಾಯಿಗೆ. "ನಾಯಿಗೆ ಮೂಳೆ ಹಾಕದೆ ಇನ್ಯಾರಿಗೆ ಹಾಕೋದು?" ಬೆಂದ ಮೂಳೆ ಪೆಡಸಾಗಿ ಚೂಪು ಚೂರಾಗಿ ಸೀಳುತ್ತದೆ, ಗಂಟಲು ಗೀರುತ್ತದೆ, ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೋಳಿಯ ಮೂಳೆ ಇನ್ನೂ ಅಪಾಯ. ಮೂಳೆ ಬಿಡಿಸಿದ, ಖಾರ ಹತ್ತದ ನಾಲ್ಕು ಚೂರು ಮಾಂಸ ಮೊದಲೇ ಎತ್ತಿಟ್ಟರೆ ನಾಯಿಗೂ ಹಬ್ಬವಾಗುತ್ತದೆ. ಮೊದಮೊದಲು ಮುಖ ಸಿಂಡರಿಸುತ್ತಿದ್ದ ಅತ್ತೆಯೇ ಈಗ ಅದನ್ನು ಬೇರೆ ಬಟ್ಟಲಿಗೆ ತೆಗೆದಿಡುತ್ತಾರೆ.

ಇದಕ್ಕೆ ತಿರುಗುಮುರುಗಾದ ನಂಬಿಕೆ ಪೇಟೆಯಲ್ಲಿದೆ: ನಾಯಿ ಮಾಂಸಾಹಾರಿ, ಅನ್ನ ಮುದ್ದೆ ಅದಕ್ಕೆ ಅರಗುವುದಿಲ್ಲ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋಳ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟ ಅರಗಿಸುವ ಅಮೈಲೇಸ್‌ನ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು. ಮನುಷ್ಯನ ಒಕ್ಕಲುತನದ ಅಂಗಳದಲ್ಲಿ ಬದುಕಿದ್ದರ ಗುರುತು ಅದು. ಮುದ್ದೆ ಚೆನ್ನಾಗಿ ಬೆಂದಿದ್ದರೆ ಅರಗುತ್ತದೆ. ಮುದ್ದೆಯೊಂದೇ ಸಾಲದು ಎಂಬುದು ಬೇರೆ ಮಾತು. ಮೊಟ್ಟೆಯೋ ಮಾಂಸವೋ ಜೊತೆಗೆ ಬೇಕು. ನಿಜವಾದ ಕೇಡು ಇರುವುದು ಮುದ್ದೆಯ ಮೇಲೆ ಸುರಿಯುವ ಸಾರಿನಲ್ಲಿ. ಈರುಳ್ಳಿ ಹಸಿಯಾಗಲಿ ಬೆಂದಿದ್ದಾಗಲಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ದೇಹತೂಕದ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ಸಾಕು ತೊಂದರೆಗೆ, ಅದೂ ತಿಂದು ಕೆಲವು ದಿನ ಕಳೆದ ಮೇಲೆ ಕಾಣಬಹುದು. ಬಿಳಿಚಿದ ಒಸಡು, ಕಂದು ಮೂತ್ರ ಕಂಡರೆ ತಡಮಾಡಬೇಡಿ. ಬೆಳ್ಳುಳ್ಳಿಯೂ ಅದೇ ಜಾತಿಯದು, ಅದು "ಹುಳಕ್ಕೆ ಒಳ್ಳೇದು" ಎಂದು ಕೊಡುವವರನ್ನು ಕಂಡಿದ್ದೇನೆ.

ನವರಾತ್ರಿಯ ಅಡುಗೆಗೆ ಈರುಳ್ಳಿ ಬೀಳುವುದಿಲ್ಲ, ಸರಿ. ಆದರೆ ಪಾಯಸದಲ್ಲಿ ದ್ರಾಕ್ಷಿ ಇದೆ. ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ಕೆಡಿಸುತ್ತವೆ. ಕಾರಣ ಬಹುಕಾಲ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯ ವಿಷತಜ್ಞರು ಅದರಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ. ಹಾಗಾಗಿ ಪುಳಿಯೋಗರೆ, ಗೊಜ್ಜು, ಒಬ್ಬಟ್ಟಿನ ಸಾರು ಯಾವುದೂ ನಾಯಿಯ ತಟ್ಟೆಗೆ ಬೇಡ. ಉಪ್ಪಿಲ್ಲದ ಅನ್ನ, ಬೇಯಿಸಿದ ಕ್ಯಾರೆಟ್, ಕಡೆದ ಮೊಸರು ಸ್ವಲ್ಪ ಕೊಡಿ, ಸಾಕು.

ಮೂಗು ಒಣಗಿದ್ದರೆ ಜ್ವರ ಎಂಬುದು ತಪ್ಪು. ನಿದ್ದೆಯಿಂದ ಎದ್ದ ನಾಯಿಯ ಮೂಗು ಒಣಗಿಯೇ ಇರುತ್ತದೆ. ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ತಿಳಿಯಬೇಕಾದರೆ ಥರ್ಮಾಮೀಟರೇ ಬೇಕು.

ಉಣ್ಣೆ ಮಳೆಯ ಜೊತೆ ಹೋಗುತ್ತದೆ ಎಂಬುದೂ ಹಾಗೆಯೇ. ಬೆಚ್ಚಗಿನ, ತೇವ ಉಳಿದಿರುವ ಈ ದಿನಗಳು ಅದಕ್ಕೆ ಸುಗ್ಗಿ. ಸಂಜೆ ಬಾಗಿಲ ಬೆಳಕಿನಲ್ಲಿ ಕೆಂಪಿಯನ್ನು ಮಲಗಿಸಿ ನಮ್ಮವರು ಒಂದೊಂದೇ ಬೆರಳ ಸಂದು ಬಿಡಿಸಿ ನೋಡುತ್ತಾರೆ, ನಾನು ಕಿವಿಯ ಒಳಮಡಿಕೆ, ಬೆಲ್ಟಿನ ಅಡಿ. ರಕ್ತ ಕುಡಿದು ಔಡಲ ಬೀಜದಷ್ಟು ಉಬ್ಬಿದ ಬೂದು ಹೆಣ್ಣು ಉಣ್ಣೆ ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ಅಂಟಿಸಿ ಹಿಡಿದು ನೇರಕ್ಕೆ ಎಳೆಯಬೇಕು. ಬೆರಳಲ್ಲಿ ಹಿಸುಕಬಾರದು, ಬೆಂಕಿಕಡ್ಡಿ ತಾಗಿಸಬಾರದು. ಸೀಮೆಎಣ್ಣೆ ಹಚ್ಚುವುದಂತೂ ನಾಯಿಯ ಚರ್ಮ ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶಕ್ಕೆ ಕುತ್ತು. ಮೈಯ ಮೇಲಿನದನ್ನು ತೆಗೆದರೆ ಮುಗಿಯಿತು ಅನ್ನುವ ಹಾಗೂ ಇಲ್ಲ. ಈ ಉಣ್ಣೆ ತನ್ನ ಬಾಳಿನ ಬಹುಪಾಲು ಕಳೆಯುವುದು ನಾಯಿಯ ಮೇಲಲ್ಲ, ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ವೈದ್ಯರು ಹೇಳಿದ ಮದ್ದನ್ನು ತಿಂಗಳುಗಟ್ಟಲೆ ಬಿಡದೆ ಕೊಡುವುದು, ಬಿರುಕುಗಳಿಗೆ ಸಿಮೆಂಟು ಮೆತ್ತುವುದು ಎರಡೂ ಆಗಬೇಕು. ಈ ಉಣ್ಣೆ ಹರಡುವ ಎರ್ಲಿಕಿಯ ಸೋಂಕು ಪ್ಲೇಟ್‌ಲೆಟ್ ಇಳಿಸುತ್ತದೆ. ಊಟ ಬಿಟ್ಟು ಮಂಕಾದ ನಾಯಿಯ ಮೂಗಿನಿಂದ ರಕ್ತ ಬಂದರೆ ಉಷ್ಣವಾಗಿದೆ ಎಂದು ಎಳನೀರು ಕುಡಿಸುತ್ತಾ ಕೂರಬೇಡಿ. ಸಾಗರದ ನನ್ನ ತವರಿನವರಿಗೆ ಉಣ್ಣೆ ಅಂದರೆ ಮಂಗನಕಾಯಿಲೆಯ ಭಯ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಆ ರೋಗವನ್ನು ಮುಖ್ಯವಾಗಿ ಹರಡುವುದು ಕಾಡಿನ ಬೇರೆ ಜಾತಿಯ ಉಣ್ಣೆ. ಮನೆಯ ಗೋಡೆಯಲ್ಲಿ ಬೆಳೆಯುವ ಈ ಕಂದು ಉಣ್ಣೆಯಲ್ಲ.

ಇನ್ನು ಸದ್ದು. ಜಂಬೂ ಸವಾರಿಯ ದಿನ ಇಪ್ಪತ್ತೊಂದು ಸುತ್ತು ಕುಶಾಲತೋಪು ಹಾರುತ್ತದೆ. ಅದಕ್ಕೆ ಮೊದಲೇ ಆನೆ, ಕುದುರೆಗಳನ್ನು ನಿಲ್ಲಿಸಿ ಹಲವು ಬಾರಿ ತಾಲೀಮು ನಡೆಸುತ್ತಾರೆ, ದಿನ ಬಂದಾಗ ಬೆದರದಿರಲಿ ಎಂದು. ಆನೆಗೇ ತಾಲೀಮು ಬೇಕೆಂದು ಒಪ್ಪುವ ಊರು ನಾಯಿಯ ವಿಷಯ ಬಂದರೆ "ಕೇಳ್ತಾ ಕೇಳ್ತಾ ರೂಢಿಯಾಗತ್ತೆ" ಅನ್ನುತ್ತದೆ. ತಯಾರಿಯಿಲ್ಲದೆ ಮತ್ತೆ ಮತ್ತೆ ಬೀಳುವ ದೊಡ್ಡ ಸದ್ದು ರೂಢಿಯಾಗುವುದಕ್ಕಿಂತ ಭಯವನ್ನು ಬೆಳೆಸುವುದೇ ಹೆಚ್ಚು. ಈ ವರ್ಷ ಪಟಾಕಿಗೆ ಹೆದರಿದ ನಾಯಿ ಬರುವ ವರ್ಷ ಗುಡುಗಿಗೂ ಹೆದರಬಹುದು. ಮನುಷ್ಯನ ಕಿವಿ 20,000 ಹರ್ಟ್ಸ್‌ಗೆ ನಿಂತರೆ ನಾಯಿಯದು 45,000ದ ಸುಮಾರಿಗೂ ಹೋಗುತ್ತದೆ.

ಇದಕ್ಕಿಂತ ನನಗೆ ಹೆಚ್ಚು ನೋವು ಕೊಡುವ ನಂಬಿಕೆ ಇನ್ನೊಂದು: "ಹೆದರಿದಾಗ ಮುದ್ದು ಮಾಡಬೇಡಿ, ಭಯ ಅಭ್ಯಾಸವಾಗತ್ತೆ." ಮೊದಲ ಸದ್ದಿಗೇ ಕೆಂಪಿ ಬೀರುವಿಗೂ ಗೋಡೆಗೂ ನಡುವಿನ ಸಂದಿಗೆ ನುಗ್ಗುತ್ತಾಳೆ. ಕಿವಿ ಹಿಂದಕ್ಕೆ ಅಂಟಿರುತ್ತದೆ, ನಾಲಿಗೆ ಮೂಗನ್ನು ಮತ್ತೆ ಮತ್ತೆ ಸವರುತ್ತದೆ, ನಿದ್ದೆಯಿಲ್ಲದ ಆಕಳಿಕೆ, ತೊಡೆಯಲ್ಲಿ ನಡುಕ. ಇದು ಅವಳು ಬೇಕೆಂದು ಮಾಡುವ ವರ್ತನೆಯಲ್ಲ, ಬಹುಮಾನ ಕೊಟ್ಟರೆ ಹೆಚ್ಚಾಗಲು. ಭಯ ಒಂದು ಭಾವ. ಹತ್ತಿರ ಕೂತು ಮೆಲ್ಲಗೆ ಮೈ ಸವರಿದರೆ ಅದು ಬೆಳೆಯುವುದಿಲ್ಲ. ನಮ್ಮವರು ಪಂಚೆ ಮಡಿಸಿ ಆ ಸಂದಿಯ ಎದುರಿಗೇ ನೆಲದ ಮೇಲೆ ಕೂರುತ್ತಾರೆ, ಕೈಯನ್ನು ಅವಳ ಭುಜದ ಮೇಲಿಟ್ಟು ಏನೋ ಮಾತಾಡುತ್ತಾರೆ. ಅವಳನ್ನು ಹೊರಗೆಳೆಯುವುದಿಲ್ಲ. ಬಚ್ಚಿಟ್ಟುಕೊಳ್ಳಲು ಅವಳಿಗೆ ಆ ಜಾಗ ಬೇಕು. ನಾನು ಕಿಟಕಿ ಮುಚ್ಚಿ, ಫ್ಯಾನು ಜೋರು ಮಾಡಿ, ರೇಡಿಯೊ ಹಾಕುತ್ತೇನೆ. ಹೊರಗಿನ ತಿರುಗಾಟ, ಊಟ ಎರಡೂ ಕತ್ತಲಾಗುವ ಮೊದಲೇ ಮುಗಿದಿರುತ್ತವೆ.

ಸದ್ದಿಗೆ ತಾಲೀಮು ಕೊಡುವುದಾದರೆ ಆನೆಗಿಂತ ಮೆಲ್ಲಗೆ ಕೊಡಬೇಕು: ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ ಅದೇ ಹೊತ್ತಿಗೆ ಇಷ್ಟದ ತಿಂಡಿ, ನಾಯಿ ಕಿವಿ ನಿಮಿರಿಸದಿದ್ದರೆ ಮಾತ್ರ ಮರುದಿನ ಒಂದು ಮೆಟ್ಟಿಲು ಜೋರು. ಇದಕ್ಕೆ ವಾರಗಳಲ್ಲ, ತಿಂಗಳುಗಳೇ ಹಿಡಿಯುತ್ತವೆ. ವಿಜಯದಶಮಿಯಿಂದ ನರಕ ಚತುರ್ದಶಿಗೆ ಇರುವುದು ಇಪ್ಪತ್ತು ದಿನದ ಆಸುಪಾಸು. ಅಷ್ಟರಲ್ಲಿ ತಾಲೀಮು ಮುಗಿಯದು, ಆದರೆ ಪಶುವೈದ್ಯರನ್ನು ಕಾಣಲು ಸಾಕು. ತೀರಾ ಬೆದರುವ ನಾಯಿಗೆ ಭಯವನ್ನೇ ತಗ್ಗಿಸುವ ಔಷಧಗಳಿವೆ. ಬರೀ ಮಂಪರು ತರಿಸುವ ಮಾತ್ರೆಯಲ್ಲ. ಮಂಪರಿನ ಮಾತ್ರೆ ಮೈಯನ್ನು ಸುಮ್ಮನಾಗಿಸಿ ಒಳಗಿನ ಭಯವನ್ನು ಹಾಗೆಯೇ ಬಿಡಬಹುದು. ಮದ್ದಿನಂಗಡಿಯಲ್ಲಿ ಕೇಳಿ ತಂದು ನುಂಗಿಸದೆ, ಹಬ್ಬಕ್ಕೆ ಒಂದು ವಾರ ಮುಂಚೆ ಕಡಿಮೆ ಪ್ರಮಾಣದಲ್ಲಿ ಕೊಟ್ಟು ನೋಡಬೇಕೇ ಎಂದು ವೈದ್ಯರನ್ನೇ ಕೇಳಿ. ನಾಯಿಯ ತೂಕ ಎಷ್ಟೆಂದು ಹೋಗುವ ಮೊದಲೇ ನೋಡಿಕೊಂಡಿರಿ, ಪ್ರಮಾಣ ನಿಲ್ಲುವುದು ಅದರ ಮೇಲೆ.