ಬೇರಿನ ನಂಟು ಎಲೆಯಲ್ಲೇ ಗೊತ್ತಾಗುತ್ತದೆ

ಬೇರಿಗೆ ಶಿಲೀಂಧ್ರ ಹೊಕ್ಕಿದೆ ಎಂದರೆ ಬೆಳೆಗಾರರಿಗೆ ಮೊದಲು ನೆನಪಾಗುವುದು ಕೊಳೆರೋಗ, ಸೊರಗುರೋಗ. ಆ ಭಯಕ್ಕೆ ಕಾರಣವಿದೆ. ಆದರೆ ಬೇರೊಳಗಿನ ಶಿಲೀಂಧ್ರವೆಲ್ಲ ಶತ್ರು ಎನ್ನುವುದು ತಪ್ಪು. ಸಸ್ಯಪ್ರಭೇದಗಳಲ್ಲಿ ಸುಮಾರು ಶೇ. 70ರಷ್ಟು ಆರ್ಬಸ್ಕುಲರ್ ಮೈಕೊರೈಜಾ ಶಿಲೀಂಧ್ರಗಳ ಜತೆ ಬಾಳುತ್ತವೆ. ರಾಗಿ, ಜೋಳ, ಟೊಮೆಟೊ ಎಲ್ಲವೂ ಈ ಗುಂಪಿನವೇ. ಬೇರು ಮುಟ್ಟಲಾಗದ ಮಣ್ಣಿನಿಂದ ಶಿಲೀಂಧ್ರದ ಎಳೆಗಳು ರಂಜಕ ತಂದುಕೊಡುತ್ತವೆ, ಗಿಡ ಅದಕ್ಕೆ ಸಕ್ಕರೆ, ಕೊಬ್ಬು ಉಣಿಸುತ್ತದೆ. ಸಾಸಿವೆ, ಎಲೆಕೋಸಿನ ಕುಟುಂಬದಂಥ ಕೆಲವಕ್ಕೆ ಈ ನಂಟಿಲ್ಲ.

ಎಲೆ ಹಸಿರಾಗಿ ನಳನಳಿಸಿದರೆ ಬೇರಿನ ನಂಟೂ ಚೆನ್ನಾಗಿದೆ ಎಂಬ ಇನ್ನೊಂದು ನಂಬಿಕೆಯಿದೆ. ಹಾಗೇನೂ ಇಲ್ಲ. ಮಣ್ಣಿಗೆ ರಂಜಕದ ಗೊಬ್ಬರ ಧಾರಾಳವಾಗಿ ಸುರಿದಾಗ ಗಿಡ ಸೊಂಪಾಗಿ ಕಾಣುತ್ತದೆ, ಬೇರು ಮಾತ್ರ ಶಿಲೀಂಧ್ರವನ್ನು ದೂರವಿಡುತ್ತದೆ.

ಹಾಗಾದರೆ ಬೇರು ಕಿತ್ತೇ ನೋಡಬೇಕೆ? ಬಹುಕಾಲ ನಡೆದದ್ದು ಹಾಗೆಯೇ: ಬೇರು ಅಗೆದು, ತೊಳೆದು, ಕ್ಷಾರದಲ್ಲಿ ಬೇಯಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಎಣಿಸುವುದು. ಕಿತ್ತ ಗಿಡವನ್ನು ಮತ್ತೆ ಬೆಳೆಸಿ ನೋಡುವಂತಿಲ್ಲ.

2018ರಲ್ಲಿ ಜರ್ಮನಿಯ ಯೇನಾದ ಮ್ಯಾಕ್ಸ್ ಪ್ಲಾಂಕ್ ರಾಸಾಯನಿಕ ಪರಿಸರವಿಜ್ಞಾನ ಸಂಸ್ಥೆಯಲ್ಲಿ ಇಯಾನ್ ಬಾಲ್ಡ್‌ವಿನ್ ಅವರ ತಂಡ ಎಲೆಯಲ್ಲೇ ಸುಳಿವು ಹಿಡಿಯಿತು. ಕಾಡುತಂಬಾಕಿನ ಬೇರಿಗೆ ಈ ಶಿಲೀಂಧ್ರ ಸೇರಿದಾಗ ಬ್ಲುಮೆನಾಲ್ ಜಾತಿಯ ಸಂಯುಕ್ತಗಳು ಹುಟ್ಟುತ್ತವೆ. ಕ್ಯಾರಟ್ಟಿಗೆ ಬಣ್ಣ ಕೊಡುವ ಕ್ಯಾರೊಟಿನಾಯ್ಡ್ ವರ್ಗದಿಂದ ಬೇರಿನಲ್ಲೇ ತಯಾರಾಗುವ ಇವುಗಳಲ್ಲಿ ಕೆಲವು ಮೇಲೇರಿ ಎಲೆ ಸೇರುತ್ತವೆ. ಶಿಲೀಂಧ್ರವನ್ನು ಒಳಬಿಟ್ಟುಕೊಳ್ಳಲಾಗದಂತೆ ಒಂದು ಜೀನನ್ನು ಅಡಗಿಸಿದ ಗಿಡಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದಾಗ ವ್ಯತ್ಯಾಸ ಸ್ಪಷ್ಟವಾಯಿತು. ಅಮೆರಿಕದ ಯೂಟಾದ ಬಯಲಿನಲ್ಲೂ ಪರೀಕ್ಷೆ ಫಲಿಸಿತು. ಟೊಮೆಟೊ, ಆಲೂಗಡ್ಡೆ, ಗೋಧಿ, ಭತ್ತದಂಥ ಬೆಳೆಗಳಲ್ಲೂ ಇದೇ ಗುರುತು ಸಿಕ್ಕಿತು. ಹುಳು ಮೇಯ್ದಾಗ, ನೀರು ಬತ್ತಿದಾಗ ಎಲೆಯ ರಸಾಯನ ಬದಲಾಗುವುದು ಹೊಸದಲ್ಲ. ಅಂಥ ಸಂಕಟಗಳಿಗೆ ಈ ಗುರುತು ಏರಲಿಲ್ಲ ಎಂಬುದೇ ಈ ಕೆಲಸದ ಹೆಚ್ಚುಗಾರಿಕೆ.

ಇಷ್ಟಾದ ಮೇಲೆ ಹೊಸದೊಂದು ತಪ್ಪು ತಿಳಿವಳಿಕೆ ಹುಟ್ಟಬಾರದು. ಎಲೆಯಲ್ಲಿ ಬ್ಲುಮೆನಾಲ್ ಹೆಚ್ಚಿದರೆ ಇಳುವರಿಯೂ ಹೆಚ್ಚುತ್ತದೆ ಎಂದರ್ಥವಲ್ಲ. ಬೇರಿನಲ್ಲಿ ಶಿಲೀಂಧ್ರ ಎಷ್ಟು ನೆಲೆಸಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಎಲೆಯ ಬಣ್ಣ ನೋಡಿ ಇದನ್ನು ಹೇಳಲೂ ಆಗದು, ಪ್ರಯೋಗಾಲಯದ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ತಳಿ ಸುಧಾರಕರಿಗೆ ಮಾತ್ರ ಇದು ದೊಡ್ಡ ಅನುಕೂಲ: ಶಿಲೀಂಧ್ರದ ಜತೆ ಚೆನ್ನಾಗಿ ಹೊಂದುವ ಗಿಡವನ್ನು ನೂರಾರು ಸಾಲುಗಳ ನಡುವೆ ಗುರುತಿಸಿ, ಕೀಳದೆ ಬೆಳೆಯಲು ಬಿಟ್ಟು, ಅದರ ಬೀಜವನ್ನೇ ಮುಂದಿನ ಹಂಗಾಮಿಗೆ ಎತ್ತಿಡಬಹುದು.