ಚೂರ್ಣದ ಡಬ್ಬಿ ಮತ್ತು ಸಕ್ಕರೆ ಕಾಯಿಲೆ

ಕಳೆದ ಕಾರ್ತಿಕದಲ್ಲಿ ಬುಕ್ಕಸಾಗರದ ಕಡೆಯ ಭಕ್ತರೊಬ್ಬರು ಮಠಕ್ಕೆ ಬಂದಾಗ ಅವರ ಬಲಗಾಲಿಗೆ ದಪ್ಪನೆಯ ಪಟ್ಟಿ ಕಟ್ಟಿತ್ತು. ಬತ್ತದ ಗದ್ದೆಯಲ್ಲಿ ಬರಿಗಾಲಿನಲ್ಲಿ ನಡೆಯುವಾಗ ಮುಳ್ಳು ನೆಟ್ಟದ್ದು ಅವರ ಅರಿವಿಗೇ ಬಂದಿರಲಿಲ್ಲ. ಬಹುಕಾಲದ ಮಧುಮೇಹಿಗಳು, ಸಂತೆಯಲ್ಲಿ ಕೊಂಡ ಚೂರ್ಣವೊಂದನ್ನು ನಂಬಿ ನಾಲ್ಕು ತಿಂಗಳಿಂದ ವೈದ್ಯರ ಮಾತ್ರೆಗಳನ್ನು ನಿಲ್ಲಿಸಿದ್ದರು. ಗಾಯ ಕೊಳೆತು ಎರಡು ಬೆರಳುಗಳನ್ನು ತೆಗೆಯಬೇಕಾಯಿತು. "ಗಿಡಮೂಲಿಕಿ ಐತಿ, ಏನಾಗ್ತೈತ್ರಿ ಅಂದ್ಕಂಡಿದ್ದೆ" ಎಂದು ಅವರು ನುಡಿದಾಗ ನಮಗೆ ಉತ್ತರ ತೋಚಲಿಲ್ಲ. ಈ ಲೇಖನಕ್ಕೆ ಅವರೇ ಕಾರಣರು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿರುವರೆಂದೂ, 13 ಕೋಟಿಗೂ ಮಿಕ್ಕಿದವರು ಅದರ ಹೊಸ್ತಿಲಲ್ಲಿರುವರೆಂದೂ ಅಂದಾಜಿಸಿದೆ. ಇಷ್ಟು ಜನರಿರುವಲ್ಲಿ ಚೂರ್ಣದ ವ್ಯಾಪಾರ ಬೆಳೆಯದಿರುವುದೆಂತು?

ಗಿಡಮೂಲಿಕೆಯನ್ನು ನಾವು ಹಗುರವಾಗಿ ಕಾಣುವವರಲ್ಲ. ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೇ ಯುರೋಪಿನ ಒಂದು ಸಸ್ಯ. ಆದರೆ ಆ ಸಸ್ಯದಲ್ಲಿದ್ದ ವಿಷಾಂಶವನ್ನು ಬದಿಗಿರಿಸಿ, ಅದರ ಗುಣವನ್ನು ಅನುಸರಿಸಿ, ಅಳತೆ ನಿಶ್ಚಯಿಸಿ ಮಾತ್ರೆಯಾಗಿಸಲು ದಶಕಗಳೇ ಹಿಡಿದವು.

ನಮ್ಮ ಅಡುಗೆಮನೆಯ ಪದಾರ್ಥಗಳಲ್ಲಿ ಹೆಚ್ಚು ಭರವಸೆ ತೋರಿರುವುದು ಮೆಂತ್ಯ. ಅದರ ಅಂಟಿನಂಥ ನಾರು ಹೊಟ್ಟೆಯಲ್ಲಿ ಉಬ್ಬಿ, ಊಟದ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಇದರ ಮೇಲೆ ಪ್ರಯೋಗಗಳು ನಡೆದಿವೆ. ಮಧುಮೇಹದ ಅಂಚಿನಲ್ಲಿದ್ದವರಿಗೆ ದಿನಕ್ಕೆ 10 ಗ್ರಾಂನಂತೆ ಮೂರು ವರ್ಷ ಮೆಂತ್ಯ ಕೊಟ್ಟ ಭಾರತೀಯ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಮೆಂತ್ಯ ಸೇವಿಸಿದವರಲ್ಲಿ ಕಾಯಿಲೆಗೆ ಜಾರಿದವರು ಕಡಿಮೆ. ಅಧ್ಯಯನ ಚಿಕ್ಕದು, ಆದರೂ ಗಮನಾರ್ಹ. ರಾತ್ರಿ ನೆನೆಸಿದ ಮೆಂತ್ಯವನ್ನು ಬೆಳಿಗ್ಗೆ ಅಗಿದು ತಿನ್ನುವ ನಮ್ಮ ತಾಯಂದಿರ ಪದ್ಧತಿ ಅರ್ಥಹೀನವಲ್ಲ. ಗರ್ಭಿಣಿಯರೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರೂ ಮಾತ್ರ ವೈದ್ಯರನ್ನು ಕೇಳದೆ ಹೆಚ್ಚು ಸೇವಿಸಬಾರದು.

ಮಧುನಾಶಿನಿಯ ಎಲೆಯನ್ನು ಅಗಿದು ಸಕ್ಕರೆ ಬಾಯಿಗಿಟ್ಟರೆ ಮರಳು ತಿಂದಂತಾಗುತ್ತದೆ. ನಾಲಿಗೆಯ ಸಿಹಿ ಮರೆಸುವ ಈ ಗುಣ ನಿಜ. ರಕ್ತದ ಸಕ್ಕರೆಯನ್ನೂ ಮರೆಸುವುದೇ? 1990ರಲ್ಲಿ ಪ್ರಕಟವಾದ ಮದರಾಸಿನ ಅಧ್ಯಯನದಲ್ಲಿ 22 ರೋಗಿಗಳು ದಿನಕ್ಕೆ 400 ಮಿಲಿಗ್ರಾಂ ಸಾರವನ್ನು ಒಂದೂವರೆ ವರ್ಷ ಸೇವಿಸಿ ಪ್ರಯೋಜನ ಕಂಡರು. ಅವರು ತಮ್ಮ ಮಾತ್ರೆಗಳ ಜೊತೆಗೇ ಅದನ್ನು ಆರಂಭಿಸಿದ್ದರೆಂಬುದನ್ನು ಡಬ್ಬಿ ಮಾರುವವರು ಹೇಳುವುದಿಲ್ಲ. ಹಾಗಲಕಾಯಿಯ ಕುರಿತು 2012ರಲ್ಲಿ ನಡೆದ ಕಾಕ್ರೇನ್ ಪರಾಮರ್ಶೆಗೆ ಸಾಕಷ್ಟು ಪುರಾವೆ ದೊರೆಯಲಿಲ್ಲ. ಪಲ್ಯವಾಗಿ ಅದು ಉತ್ತಮ. ನಿತ್ಯ ಲೋಟಗಟ್ಟಲೆ ರಸ ಕುಡಿದು ಹೊಟ್ಟೆ ಕೆಡಿಸಿಕೊಳ್ಳುವುದೇಕೆ? ಚಕ್ಕೆಯ ಮಾತೂ ಹಾಗೆಯೇ. ಅಂಗಡಿಯ ಅಗ್ಗದ ದಪ್ಪ ಚಕ್ಕೆಯಲ್ಲಿ ಕೂಮರಿನ್ ಎಂಬ ಅಂಶವಿದ್ದು, ಚಮಚಗಟ್ಟಲೆ ತಿಂದರೆ ಕೆಲವರ ಯಕೃತ್ತಿಗೆ ಹಾನಿ.

ಚೂರ್ಣದ ಬದಲು ಬೆಲ್ಲ ತಿಂದರಾಯಿತೆಂಬ ವಾದವನ್ನೂ ಕೇಳಿದ್ದೇವೆ. ಕಬ್ಬಿನ ಸೀಮೆಯವರಿಗೆ ಇದು ಪ್ರಿಯವಾದ ವಾದ! ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ.

ಅಪರಿಚಿತ ಡಬ್ಬಿಗಳಲ್ಲಿ ಇನ್ನೊಂದು ಅಪಾಯವಿದೆ. "ಶುದ್ಧ ಗಿಡಮೂಲಿಕೆ" ಎಂದು ಮಾರಾಟವಾದ ಕೆಲವು ಚೂರ್ಣಗಳಲ್ಲಿ ಸೀಸದಂಥ ಲೋಹಗಳೂ, ಗುಟ್ಟಾಗಿ ಬೆರೆಸಿದ ಇಂಗ್ಲಿಷ್ ಮಾತ್ರೆಗಳ ಪುಡಿಯೂ ಪರೀಕ್ಷೆಯಲ್ಲಿ ಸಿಕ್ಕಿವೆ. ಬೇಗನೆ ಸಕ್ಕರೆ ಇಳಿಯಿತೆಂದರೆ ಕಾರಣ ಇದೂ ಇರಬಹುದು. ಮಧುಮೇಹ ಗುಣಪಡಿಸುವೆವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಪೂರಕ ಆಹಾರವೆಂದು ಮಾರುವ ಡಬ್ಬಿಯ ಮೇಲೆ ಅದು ಔಷಧಿಯ ಬಳಕೆಗಲ್ಲವೆಂದು ಮುದ್ರಿಸುವುದೂ ಕಡ್ಡಾಯ. ಅಕ್ಷರ ಬಲು ಸಣ್ಣದು, ಮಕ್ಕಳಿಂದ ಓದಿಸಿ.

ನಿಜವಾಗಿ ಬೇಕಾಗಬಹುದಾದ ಪೂರಕವೊಂದಿದೆ, ಅದನ್ನು ಯಾರೂ ಸಂತೆಯಲ್ಲಿ ಕೂಗಿ ಮಾರುವುದಿಲ್ಲ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವ ಸಂಭವವಿದೆ. ಸಸ್ಯಾಹಾರಿಗಳಾದ ನಮಗೆ ಹಾಲು ಮೊಸರಿನ ಹೊರತು ಅದು ಸಿಗುವುದೇ ವಿರಳ. ಪಾದ ಜೋಮು ಹಿಡಿಯುವುದು ಬಿ12 ಕೊರತೆಯಿಂದಲೂ ಆಗಬಹುದು. ಅದು ಸಕ್ಕರೆಯನ್ನು ಇಳಿಸದು, ನರಗಳನ್ನು ಕಾಯುತ್ತದೆ. ವೈದ್ಯರಲ್ಲಿ ಈ ರಕ್ತಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ.

ಶ್ರಾವಣ ಸೋಮವಾರ, ಶಿವರಾತ್ರಿಗಳಂದು ಉಪವಾಸವಿರುವ ಭಕ್ತರು ವಿಶೇಷವಾಗಿ ಎಚ್ಚರದಿಂದಿರಬೇಕು. ಮಾತ್ರೆ ಅಥವಾ ಇನ್ಸುಲಿನ್, ಜೊತೆಗೆ ಚೂರ್ಣ, ಮೇಲೆ ಖಾಲಿ ಹೊಟ್ಟೆ: ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಮಂಕು ಕವಿಯಬಹುದು. ಆಗ ವ್ರತವನ್ನು ಬದಿಗಿಟ್ಟು ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಯಬೇಕು. ಕಾಲು ಗಂಟೆಯಲ್ಲಿ ಚೇತರಿಕೆಯಾಗದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಉಪವಾಸದ ಮುನ್ನಾದಿನವೇ ಮಾತ್ರೆಯ ಪ್ರಮಾಣವನ್ನು ವೈದ್ಯರೊಡನೆ ಮಾತಾಡಿಕೊಂಡಿರಬೇಕು.

ಆ ಭಕ್ತರು ಈಗ ಮತ್ತೆ ಮಾತ್ರೆ ನುಂಗುತ್ತಿದ್ದಾರೆ, ಮೆಂತ್ಯವನ್ನೂ ಬಿಟ್ಟಿಲ್ಲ. ಗದ್ದೆಗೆ ಇಳಿಯುವುದು ಮಗನ ಪಾಲಾಗಿದೆ. ಸಂಜೆ ದೀಪ ಹಚ್ಚಿದ ಬಳಿಕ ಸೊಸೆಯು ಮಾವನವರ ಎರಡೂ ಪಾದಗಳನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ.